ಪದಕ್ಕೆ ಅರ್ಥವೊಂದೇ ಸಾಲದು

ಇಂಗ್ಲಿಷ್ ಬೇಕೆ, ಬೇಡವೆ ಎಂಬ ಪ್ರಶ್ನೆಯನ್ನು ನಾವು ನಾಲ್ಕು ದಶಕಗಳಿಂದ ಚರ್ಚಿಸುತ್ತಲೇ ಬಂದಿದ್ದೇವೆ. 1982ರ ಗೋಕಾಕ್ ಚಳವಳಿ, 1994ರ ಭಾಷಾ ನೀತಿ, 2007ರಲ್ಲಿ ಸರ್ಕಾರಿ ಶಾಲೆಗಳ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸುವ ತೀರ್ಮಾನ, ಕಲಿಕೆಯ ಮಾಧ್ಯಮವನ್ನು ಕುರಿತು 2014ರಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು, 2019ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಆರಂಭವಾದ ಇಂಗ್ಲಿಷ್ ಮಾಧ್ಯಮದ ವಿಭಾಗಗಳು – ಇವೆಲ್ಲ ಆ ಚರ್ಚೆಯ ಮೈಲಿಗಲ್ಲುಗಳು. ಯಾವ ತರಗತಿಯಿಂದ, ಎಷ್ಟು ಅವಧಿ, ಯಾವ ಮಾಧ್ಯಮ ಎಂಬ ಬಗ್ಗೆ ನಮ್ಮಲ್ಲಿ ಬಿಸಿಬಿಸಿ ವಾದಗಳಿವೆ. ಆದರೆ ಮಗು ಒಂದು ಇಂಗ್ಲಿಷ್ ಪದವನ್ನು ಹೇಗೆ ತನ್ನದಾಗಿಸಿಕೊಳ್ಳಬೇಕು ಎಂಬ ಸರಳ ಪ್ರಶ್ನೆಯನ್ನು ಕೇಳಿದವರು ವಿರಳ. ನೀತಿ ಏನೇ ಇರಲಿ, ಅದರ ಫಲ ನಿರ್ಧಾರವಾಗುವುದು ಈ ಕೊನೆಯ ಪ್ರಶ್ನೆಯಲ್ಲಿ ಎಂಬುದು ನನ್ನ ನಂಬಿಕೆ.

ನಮ್ಮ ಶಾಲಾ ಮಕ್ಕಳ ನೋಟ್ ಪುಸ್ತಕವನ್ನು ತೆರೆದು ನೋಡಿ. ಪುಟದ ನಡುವೆ ಒಂದು ಗೀಟು. ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಅದರ ಕನ್ನಡ ಅರ್ಥ. 'ವರ್ಡ್ ಮೀನಿಂಗ್' ಎಂದು ಇದಕ್ಕೆ ಹೆಸರು. ಎಡದ ಒಂದು ಪದಕ್ಕೆ ಬಲದಲ್ಲಿ ಒಂದೇ ಪದ. ಬರೆಸುವವರಿಗೂ ಬರೆಯುವವರಿಗೂ ಅಂಕ ಹಾಕುವವರಿಗೂ ಅನುಕೂಲವಾದ ಏರ್ಪಾಡು ಇದು. ಇದರ ಬೇರು ಹಳೆಯದು. ಅಮರಕೋಶವನ್ನು ಬಾಯಿಪಾಠ ಮಾಡಿದ ಪರಂಪರೆ ನಮ್ಮದು. ಒಂದು ವಸ್ತುವಿಗೆ ಇರುವ ಹಲವು ಹೆಸರುಗಳನ್ನು ಪದ್ಯದಲ್ಲಿ ಪೋಣಿಸಿ ಕಂಠಸ್ಥ ಮಾಡಿಸುವುದು ಅದರ ಕ್ರಮ. ಭಾಷೆಯನ್ನು ಆಗಲೇ ಬಲ್ಲ, ಕಾವ್ಯ ರಚನೆಗೆ ಪದ ಬೇಕಾದ ವಿದ್ಯಾರ್ಥಿಗೆ ಅದು ಉತ್ತಮ ಸಾಧನ. ಭಾಷೆಯನ್ನೇ ಅರಿಯದ ಮಗುವಿಗೆ ಅದೇ ಕ್ರಮವನ್ನು ಅನ್ವಯಿಸಿದರೆ, ಅದು ಪದವನ್ನು ನೆನಪಿಡುತ್ತದೆಯೇ ಹೊರತು ಬಳಸಲು ಕಲಿಯುವುದಿಲ್ಲ.

ಪಟ್ಟಿಯ ಹಿಂದೆ ಒಂದು ತಪ್ಪು ಕಲ್ಪನೆ ಅಡಗಿದೆ. ಎರಡು ಭಾಷೆಗಳು ಲೋಕವನ್ನು ಒಂದೇ ಗೆರೆಯಲ್ಲಿ ವಿಭಾಗಿಸಿಕೊಂಡಿವೆ ಎಂಬುದು ಆ ಕಲ್ಪನೆ. ವಾಸ್ತವ ಹಾಗಿಲ್ಲ. ಕನ್ನಡದಲ್ಲಿ 'ಸಾಲ' ಒಂದೇ. ಕೊಡುವುದೋ ತೆಗೆದುಕೊಳ್ಳುವುದೋ ಎಂಬುದನ್ನು ಕ್ರಿಯಾಪದ ತಿಳಿಸುತ್ತದೆ. ಇಂಗ್ಲಿಷಿನಲ್ಲಿ ಕೊಡುವುದಕ್ಕೆ 'ಲೆಂಡ್', ಪಡೆಯುವುದಕ್ಕೆ 'ಬಾರೋ'. ಪಟ್ಟಿಯಲ್ಲಿ ಎರಡರ ಮುಂದೆಯೂ 'ಸಾಲ' ಎಂದು ಬರೆದುಕೊಂಡ ಹುಡುಗ ಪೆನ್ನು ಬೇಕಾದಾಗ 'ಬಾರೋ ಮಿ ಎ ಪೆನ್' ಎನ್ನುತ್ತಾನೆ. ಮನೆಗೂ ಬಾಡಿಗೆ, ಟ್ಯಾಕ್ಸಿಗೂ ಬಾಡಿಗೆ, ಮದುವೆಗೆ ತಂದ ಪಾತ್ರೆಗೂ ಬಾಡಿಗೆ. ಇಂಗ್ಲಿಷಿನಲ್ಲಿ ಅವು 'ರೆಂಟ್', 'ಫೇರ್', 'ಹೈರ್' ಎಂದು ಬೇರೆ ಬೇರೆ. ಇದು ಏಕಮುಖವೂ ಅಲ್ಲ. ಹೊಲದಲ್ಲಿನ ಭತ್ತದ ಬೆಳೆ, ಅಂಗಡಿಯ ಅಕ್ಕಿ, ತಟ್ಟೆಯ ಅನ್ನ – ಈ ಮೂರಕ್ಕೂ ಇಂಗ್ಲಿಷಿನವರು 'ರೈಸ್' ಎಂದೇ ಹೇಳಿ ಮುಗಿಸಬಲ್ಲರು. ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಮೂವರೂ ಅಲ್ಲಿ 'ಅಂಕಲ್'. ಯಾರಿಗೆ ಯಾವುದು ಮುಖ್ಯವೋ ಅದಕ್ಕೆ ಹೆಚ್ಚು ಪದಗಳಿವೆ, ಅಷ್ಟೆ. ಆದುದರಿಂದ ಪದಕ್ಕೆ ಸಮಾನ ಪದ ಎಂಬುದು ಹಲವು ವೇಳೆ ಅಂದಾಜು ಮಾತ್ರ.

ಅಂದಾಜಿಗೆ ತೆರಬೇಕಾದ ಬೆಲೆ ಪರೀಕ್ಷೆಯ ಒಂದೆರಡು ಅಂಕಗಳಿಗೆ ಸೀಮಿತವಲ್ಲ. ಕಳೆದ ಶತಮಾನದ ಕೊನೆಯ ದಶಕದಲ್ಲಿ ನಾನು ಹಳೆ ಮೈಸೂರು ಭಾಗದ ಒಂದು ಉಪವಿಭಾಗದಲ್ಲಿ ಅಧಿಕಾರಿಯಾಗಿದ್ದಾಗ, ಹಿರಿಯ ರೈತರೊಬ್ಬರು ಜಪ್ತಿಯ ನೋಟಿಸು ಹಿಡಿದು ಕಚೇರಿಗೆ ಬಂದರು. ಅದರ ಹಿಂದೆ ಮೂರು ತಿಂಗಳ ಮೊದಲು ಬಂದಿದ್ದ ಇನ್ನೊಂದು ಪತ್ರವೂ ಇತ್ತು. ಉಳಿದಿರುವ ಬಾಕಿಯನ್ನು ನಿಗದಿತ ದಿನದೊಳಗೆ ಕಟ್ಟಿದರೆ ಸುಸ್ತಿ ಬಡ್ಡಿಯನ್ನು ಬಿಡಲಾಗುವುದು ಎಂಬುದು ಅದರ ಸಾರಾಂಶ. ಪತ್ರ ಇಂಗ್ಲಿಷಿನಲ್ಲಿತ್ತು. ಬಾಕಿ ಎಂಬುದಕ್ಕೆ ಅಲ್ಲಿದ್ದ ಪದ 'ಔಟ್‌ಸ್ಟ್ಯಾಂಡಿಂಗ್'. "ಇದು ಬಂದಾಗ ಏನು ಮಾಡಿದಿರಿ ಯಜಮಾನರೆ?" ಎಂದು ಕೇಳಿದೆ. "ಮಗ ಹತ್ತನೇ ಕ್ಲಾಸು ಸ್ವಾಮಿ. ಪುಸ್ತಕ ತೆಗೆದು ನೋಡ್ದ. ನಿನ್ನ ಲೆಕ್ಕ ಬಾಳ ಚೆನ್ನಾಗೈತೆ ಅಂತ ಬ್ಯಾಂಕಿನೋರು ಬರೆದವ್ರೆ ಕಣಪ್ಪ ಅಂದ. ನಾನೂ ಸುಮ್ನಾದೆ" ಎಂದರು ಅವರು.

ಹುಡುಗನ ಜೇಬು ನಿಘಂಟಿನಲ್ಲಿ ಆ ಪದಕ್ಕೆ 'ಶ್ರೇಷ್ಠ, ಪ್ರಸಿದ್ಧ' ಎಂಬ ಎರಡು ಅರ್ಥಗಳಷ್ಟೇ ಇದ್ದವು. ಆತ ಶಾಲೆಯಲ್ಲಿ ಕಲಿತಂತೆಯೇ ಮಾಡಿದ್ದ. ಪದವನ್ನು ಹುಡುಕಿದ್ದ, ಅರ್ಥವನ್ನು ಕಂಡಿದ್ದ, ಅದನ್ನು ವಾಕ್ಯದೊಳಗೆ ಕೂರಿಸಿದ್ದ. ರಿಯಾಯಿತಿಯ ಅವಧಿ ಮುಗಿದುಹೋಗಿತ್ತು. ವ್ಯವಸ್ಥಾಪಕರೊಡನೆ ಮಾತನಾಡಿ ಕಂತುಗಳನ್ನು ಗೊತ್ತುಮಾಡಿಸಲು ಸಾಧ್ಯವಾಯಿತೇ ವಿನಾ ಸುಸ್ತಿ ಬಡ್ಡಿಯನ್ನು ಬಿಡಿಸಲಾಗಲಿಲ್ಲ. ಕನ್ನಡ ಮಾತ್ರ ಬಲ್ಲ ರೈತನಿಗೆ ಕನ್ನಡದಲ್ಲಿಯೇ ಪತ್ರ ಬರೆಯಬೇಕಾದುದು ಸಂಸ್ಥೆಯ ಮೊದಲ ಕರ್ತವ್ಯ. ಅದರಲ್ಲಿ ಎರಡು ಮಾತಿಲ್ಲ. ಆದರೆ ಮನೆಯಲ್ಲಿ ಇಂಗ್ಲಿಷ್ ಓದಿದ ಮಗನಿದ್ದೂ ಆ ಓದು ಬೇಕಾದ ಹೊತ್ತಿಗೆ ಕೈಕೊಟ್ಟಿತು ಎಂಬುದೂ ಅಷ್ಟೇ ನಿಜ. ಆ ನಿಘಂಟಿನಲ್ಲಿ 'ಇನ್ನೂ ಪಾವತಿಯಾಗದ ಹಣ' ಎಂಬ ವಿವರಣೆಯೂ, ಸಾಲದ ಬಾಕಿಯನ್ನು ಕುರಿತ ಒಂದು ಚಿಕ್ಕ ವಾಕ್ಯವೂ ಇದ್ದಿದ್ದರೆ ಆ ಹುಡುಗ ಖಂಡಿತ ಎಡವುತ್ತಿರಲಿಲ್ಲ.

ಇಂತಹ ಎರಡು ಮುಖದ ಪದಗಳು ಕಚೇರಿಯ ಇಂಗ್ಲಿಷಿನಲ್ಲಿ ಹೇರಳ. 'ಸ್ಯಾಂಕ್ಷನ್' ಎಂದರೆ ಮಂಜೂರಾತಿಯೂ ಹೌದು, ದಂಡನೆಯ ನಿರ್ಬಂಧವೂ ಹೌದು. 'ಓವರ್‌ಸೈಟ್' ಎಂದರೆ ಮೇಲ್ವಿಚಾರಣೆ. ಕಣ್ತಪ್ಪಿನಿಂದ ಆದ ಲೋಪಕ್ಕೂ ಅದೇ ಪದ. 'ಇಂಟರೆಸ್ಟ್' ಕೆಲವೊಮ್ಮೆ ಆಸಕ್ತಿ, ಕೆಲವೊಮ್ಮೆ ಬಡ್ಡಿ, ಆಸ್ತಿಪತ್ರದಲ್ಲಿ ಹಕ್ಕು. ಹೆದ್ದಾರಿಯ ಟ್ಯಾಂಕರುಗಳ ಮೇಲೆ ಕಾಣುವ 'ಇನ್‌ಫ್ಲೇಮಬಲ್' ಎಂಬ ಪದದ ಆರಂಭದಲ್ಲಿರುವ 'ಇನ್' ಅನ್ನು ನಿಷೇಧವೆಂದು ಬಗೆದರೆ, ಬೆಂಕಿ ಹತ್ತುವ ಸರಕು ಬೆಂಕಿ ಹತ್ತದ ಸರಕಾಗಿಬಿಡುತ್ತದೆ. ಈ ಪದಗಳಲ್ಲಿ ಯಾವ ಅರ್ಥ ಎಲ್ಲಿ ಹೊಂದುತ್ತದೆ ಎಂಬುದನ್ನು ನಿರ್ಣಯಿಸುವುದು ಸುತ್ತಲಿನ ವಾಕ್ಯವೇ.

ಈ ಕೊರತೆಯನ್ನು ನೀಗುವ ವಿಧಾನ ಹೊಸತೇನಲ್ಲ. ಪದವನ್ನು ಅದಕ್ಕಿಂತ ಸುಲಭವಾದ ಪದಗಳಿಂದ ವಿವರಿಸುವುದು, ಆನಂತರ ಅದನ್ನು ಒಂದು ಸಹಜ ವಾಕ್ಯದಲ್ಲಿ ಬಳಸಿ ತೋರಿಸುವುದು – ಇಷ್ಟೇ ಅದರ ತಿರುಳು. ಅದು ರೂಪುಗೊಂಡ ಬಗೆ ಮಾತ್ರ ಸ್ವಾರಸ್ಯಕರವಾಗಿದೆ. 1755ರಲ್ಲಿ ಪ್ರಕಟವಾದ ಸ್ಯಾಮ್ಯುಯೆಲ್ ಜಾನ್ಸನ್ನನ ಪ್ರಸಿದ್ಧ ನಿಘಂಟು ಉತ್ತಮ ಲೇಖಕರಿಂದ ಆಯ್ದ ಒಂದು ಲಕ್ಷಕ್ಕೂ ಹೆಚ್ಚು ಪ್ರಯೋಗಗಳನ್ನು ನೀಡಿತು. ಆದರೆ ಅದು ವಿದ್ವಾಂಸರಿಗಾಗಿ ಬರೆದದ್ದು. ಬಲೆಯ ಹೆಣಿಗೆಯನ್ನು ಸೂಚಿಸುವ 'ನೆಟ್‌ವರ್ಕ್' ಎಂಬ ಸಾಧಾರಣ ಪದಕ್ಕೆ ಆತ ಕೊಟ್ಟ ವಿವರಣೆ ಮೂಲ ಪದಕ್ಕಿಂತ ಹಲವು ಪಟ್ಟು ಕ್ಲಿಷ್ಟವಾಗಿತ್ತು ಎಂದು ಇಂದಿಗೂ ವಿನೋದ ಮಾಡುವುದುಂಟು. ಕಲಿಯುವವನಿಗಾಗಿ ನಿಘಂಟು ಬರೆಯಬೇಕು ಎಂಬ ಚಿಂತನೆ ಬಲಗೊಂಡದ್ದು ಇಂಗ್ಲೆಂಡಿನಲ್ಲಲ್ಲ, ಏಷ್ಯಾದ ತರಗತಿಗಳಲ್ಲಿ.

ಮೈಕೇಲ್ ವೆಸ್ಟ್ ಎಂಬುವರು ಭಾರತೀಯ ಶಿಕ್ಷಣ ಸೇವೆಯ ಅಧಿಕಾರಿ. ಢಾಕಾದ ಶಿಕ್ಷಕರ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿದ್ದವರು. ಬಂಗಾಳದ ದ್ವಿಭಾಷಾ ಸ್ಥಿತಿಯನ್ನು ಕುರಿತ ಅವರ ಗ್ರಂಥ 1926ರಲ್ಲಿ ಹೊರಬಂದಿತು. ಬಹುಪಾಲು ಮಕ್ಕಳು ಶಾಲೆಯನ್ನು ನಡುವೆಯೇ ಬಿಡುತ್ತಿದ್ದುದನ್ನು ಕಂಡ ಅವರು, ಬಿಡುವ ದಿನ ಮಗುವಿನ ಕೈಯಲ್ಲಿ ಉಳಿಯುವುದೇನು ಎಂದು ಕೇಳಿದರು. ಅದಕ್ಕೆ ಅವರು ಬಳಸಿದ ಮಾತು ವಿಮಾ ವ್ಯವಹಾರದ್ದು: 'ಸರೆಂಡರ್ ವ್ಯಾಲ್ಯೂ'. ಪಾಲಿಸಿಯನ್ನು ಅವಧಿಗೆ ಮುನ್ನ ಬಿಟ್ಟುಕೊಟ್ಟರೆ ಕೈಗೆ ಸಿಗುವ ಮೊತ್ತ ಅದು. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಶಿಕ್ಷಣವನ್ನು ಅಳೆಯಲು ಇದಕ್ಕಿಂತ ಪ್ರಾಮಾಣಿಕವಾದ ಅಳತೆಗೋಲು ಕಂಡಿಲ್ಲ. ಐದು ವರ್ಷ ಇಂಗ್ಲಿಷ್ ಓದಿ ಬಿಟ್ಟವನಿಗೆ ಐದು ವರ್ಷದ ಬೆಲೆಯ ಇಂಗ್ಲಿಷ್ ಉಳಿಯಬೇಕು. ಪದಪಟ್ಟಿಯ ಸರೆಂಡರ್ ವ್ಯಾಲ್ಯೂ ಬಹುತೇಕ ಸೊನ್ನೆ.

ವೆಸ್ಟ್ ಅವರು ಜೆ.ಜಿ. ಎಂಡಿಕಾಟ್ ಅವರೊಡನೆ 1935ರಲ್ಲಿ ಹೊರತಂದ ನಿಘಂಟು ಸುಮಾರು 24,000 ಪದ ಹಾಗೂ ನುಡಿಗಟ್ಟುಗಳನ್ನು ಕೇವಲ 1,490 ಪದಗಳ ಮಿತಿಯೊಳಗೆ ವಿವರಿಸಿತು. ಆ ಒಂದೂವರೆ ಸಾವಿರ ಪದ ಬಲ್ಲವನು ಉಳಿದೆಲ್ಲವನ್ನೂ ಯಾರ ನೆರವೂ ಇಲ್ಲದೆ ತಾನೇ ತಿಳಿಯಬಹುದು. ಅತ್ತ ಜಪಾನಿನಲ್ಲಿ 1924ರಿಂದ ಇಂಗ್ಲಿಷ್ ಕಲಿಸುತ್ತಿದ್ದ ಎ.ಎಸ್. ಹಾರ್ನ್‌ಬಿ ಅವರು ಇಬ್ಬರು ಸಹೋದ್ಯೋಗಿಗಳ ಜತೆಗೂಡಿ ಸಿದ್ಧಪಡಿಸಿದ ನಿಘಂಟು 1942ರಲ್ಲಿ, ಮಹಾಯುದ್ಧದ ನಡುವೆ, ಟೋಕಿಯೊದಲ್ಲಿ ಪ್ರಕಟವಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಮರುಮುದ್ರಿಸಿತು. ನಮ್ಮ ತಲೆಮಾರಿನ ಕಾಲೇಜು ವಿದ್ಯಾರ್ಥಿಗಳು ಬಲ್ಲ 'ಅಡ್ವಾನ್ಸ್ಡ್ ಲರ್ನರ್ಸ್' ನಿಘಂಟಿನ ಮೂಲ ಅದು. ಯಾವ ಕ್ರಿಯಾಪದದ ಮುಂದೆ ಏನು ಬರಬಹುದು, ಏನು ಬರಲಾಗದು ಎಂಬುದನ್ನು ಉದಾಹರಣೆಗಳ ಮೂಲಕ ತೋರಿಸಿದ್ದು ಅದರ ಹಿರಿಮೆ. 1978ರಲ್ಲಿ ಲಾಂಗ್‌ಮನ್ ಸಂಸ್ಥೆ ಸುಮಾರು 2,000 ಪದಗಳ ಮಿತಿಯಲ್ಲಿ ಎಲ್ಲ ವಿವರಣೆಗಳನ್ನೂ ಬರೆಸಿತು. 1987ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಜಾನ್ ಸಿಂಕ್ಲೇರ್ ಅವರ ನೇತೃತ್ವದಲ್ಲಿ ಬಂದ ಕೊಬಿಲ್ಡ್ ನಿಘಂಟು ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಜನ ನಿಜವಾಗಿ ಬರೆದ, ಆಡಿದ ಮಾತುಗಳನ್ನು ಕಂಪ್ಯೂಟರಿನಲ್ಲಿ ಕಲೆಹಾಕಿ ಅವುಗಳಿಂದಲೇ ಉದಾಹರಣೆಗಳನ್ನು ಆಯ್ದಿತು. ವಿವರಣೆಯನ್ನೂ ಮೇಷ್ಟರು ಎದುರು ಕುಳಿತು ಹೇಳುವಂತೆ ಪೂರ್ಣ ವಾಕ್ಯದಲ್ಲಿ ನೀಡಿತು.

ಈ ಕ್ರಮದ ಫಲವನ್ನು ಒಂದು ಪದದಲ್ಲಿ ಪರೀಕ್ಷಿಸೋಣ. 'ಅಫೋರ್ಡ್' ಎಂಬುದಕ್ಕೆ ಕನ್ನಡದಲ್ಲಿ ಒಂಟಿ ಪದವಿಲ್ಲ. ಪಟ್ಟಿಯಲ್ಲಿ 'ಭರಿಸು' ಎಂದು ಬರೆಸುತ್ತಾರೆ. ಹಾಗೆ ಕಲಿತ ಮಗು ಆ ಪದವನ್ನು ಎಂದಿಗೂ ಬಳಸದು. ಬದಲಿಗೆ, ಒಂದು ವಸ್ತುವನ್ನು ಕೊಳ್ಳುವಷ್ಟು ಹಣ ನಮ್ಮಲ್ಲಿದ್ದರೆ ನಾವು ಅದನ್ನು 'ಅಫೋರ್ಡ್' ಮಾಡಬಲ್ಲೆವು ಎಂದು ಸರಳ ಇಂಗ್ಲಿಷಿನಲ್ಲಿ ವಿವರಿಸಿ, 'ವಿ ಕೆನಾಟ್ ಅಫೋರ್ಡ್ ಎ ಸೈಟ್ ಇನ್ ಬೆಂಗಳೂರು' ಎಂದು ಉದಾಹರಿಸಿದರೆ ಮಗುವಿಗೆ ಮೂರು ಸಂಗತಿಗಳು ಒಟ್ಟಿಗೆ ದೊರೆಯುತ್ತವೆ: ಪದದ ಅರ್ಥ, ಅದು 'ಕ್ಯಾನ್', 'ಕೆನಾಟ್' ಎಂಬವುಗಳ ಸಂಗಡ ಓಡಾಡುತ್ತದೆ ಎಂಬ ತಿಳಿವಳಿಕೆ, ಮತ್ತು ತನ್ನ ಮನೆಯಲ್ಲಿ ದಿನವೂ ಕೇಳುವ ಮಾತಿನೊಡನೆ ಅದಕ್ಕಿರುವ ನಂಟು. ಪದಕ್ಕೂ ಮನುಷ್ಯರಂತೆ ಸ್ನೇಹಿತರಿರುತ್ತಾರೆ. ಸ್ನೇಹಿತರನ್ನು ಅರಿಯದೆ ಪದವನ್ನು ಅರಿತೆವೆನ್ನಲಾಗದು.

ಕನ್ನಡಿಗರು ಇಂಗ್ಲಿಷಿನಲ್ಲಿ ಎಡವುವ ಜಾಗಗಳನ್ನು ಗಮನಿಸಿದರೂ ಇದು ಸ್ಪಷ್ಟವಾಗುತ್ತದೆ. ನಾವು ಕನ್ನಡದಲ್ಲಿ ಲೈಟು ಹಾಕುತ್ತೇವೆ, ಫ್ಯಾನು ಹಾಕುತ್ತೇವೆ. ಹಾಗಾಗಿ 'ಪುಟ್ ದ ಫ್ಯಾನ್'. ಒಂದು ವಿಷಯದ ಬಗ್ಗೆ ಚರ್ಚಿಸುತ್ತೇವೆ. ಹಾಗಾಗಿ 'ಡಿಸ್ಕಸ್ ಅಬೌಟ್'. ಒಬ್ಬರ ಜತೆ ಮದುವೆಯಾಗುತ್ತೇವೆ. ಹಾಗಾಗಿ 'ಮ್ಯಾರೀಡ್ ವಿತ್'. ನಿದ್ದೆ ನಮಗೆ ಬರುತ್ತದೆ. ಹಾಗಾಗಿ 'ಸ್ಲೀಪ್ ಈಸ್ ಕಮಿಂಗ್'. ಇವು ದಡ್ಡತನದ ಗುರುತುಗಳಲ್ಲ. ತಾಯಿನುಡಿಯ ತರ್ಕವನ್ನು ನಿಷ್ಠೆಯಿಂದ ಪಾಲಿಸಿದ್ದರ ಫಲಗಳು. ಈ ಪ್ರಯೋಗಗಳಲ್ಲಿ ಪ್ರತಿ ಪದದ ಅರ್ಥವೂ ಮಗುವಿಗೆ ಗೊತ್ತು. ಗೊತ್ತಿಲ್ಲದ್ದು ಪದಗಳ ಒಡನಾಟ. ಅದನ್ನು ವ್ಯಾಕರಣದ ಸೂತ್ರ ಕಲಿಸಲಾರದು. ಹತ್ತು ಒಳ್ಳೆಯ ವಾಕ್ಯಗಳು ಕಲಿಸುತ್ತವೆ.

ಎಷ್ಟು ಪದ ಕಲಿಯಬೇಕು ಎಂಬ ಪ್ರಶ್ನೆಗೂ ಉತ್ತರವಿದೆ. ಇಂಗ್ಲಿಷ್ ಪದಗಳು ಲಕ್ಷಗಟ್ಟಲೆ ಇರಬಹುದು. ಅವೆಲ್ಲ ಸಮಾನವಾಗಿ ದುಡಿಯುವುದಿಲ್ಲ. ಅತ್ಯಂತ ಹೆಚ್ಚು ಬಳಕೆಯಲ್ಲಿರುವ ಎರಡು ಸಾವಿರ ಪದಗಳು, ಅವುಗಳ ರೂಪಗಳನ್ನೂ ಸೇರಿಸಿಕೊಂಡರೆ, ಸಾಮಾನ್ಯ ಬರಹವೊಂದರ ಶೇಕಡಾ 80ರಷ್ಟನ್ನು ಆವರಿಸುತ್ತವೆ. ಮಾತುಕತೆಯಲ್ಲಿ ಅವುಗಳ ಪಾಲು ಇನ್ನೂ ಅಧಿಕ. ಮೂರನೆಯ, ನಾಲ್ಕನೆಯ ಸಾವಿರಗಳಿಂದ ದೊರೆಯುವ ಲಾಭ ಕ್ರಮೇಣ ಇಳಿಯುತ್ತ ಹೋಗುತ್ತದೆ. ಅರ್ಥಶಾಸ್ತ್ರದಲ್ಲಿ ಇದನ್ನೇ ಇಳಿಮುಖ ಪ್ರತಿಫಲದ ನಿಯಮ ಎನ್ನುವುದು. ವೆಸ್ಟ್ ಅವರು 1953ರಲ್ಲಿ ಪ್ರಕಟಿಸಿದ ಸುಮಾರು ಎರಡು ಸಾವಿರ ಪದಗಳ ಪಟ್ಟಿಗೆ ಆಧಾರವಾದದ್ದು ಈ ಲೆಕ್ಕಾಚಾರವೇ. ಹೀಗಿದ್ದೂ ನಮ್ಮ ಸ್ಪರ್ಧಾ ಪರೀಕ್ಷೆಗಳ ಕೈಪಿಡಿಗಳು ವರ್ಷಕ್ಕೊಮ್ಮೆಯೂ ಕಣ್ಣಿಗೆ ಬೀಳದ ಅಪರೂಪದ ಪದಗಳನ್ನು ಉರುಹೊಡೆಸುತ್ತವೆ. 'ಗೆಟ್', 'ಟೇಕ್', 'ಕೀಪ್', 'ಡ್ಯೂ' ಮುಂತಾದ, ದಿನಕ್ಕೆ ನೂರು ಬಾರಿ ಎದುರಾಗುವ ಪದಗಳ ಹಲವು ಮುಖಗಳು ಮಾತ್ರ ಅಪರಿಚಿತವಾಗಿಯೇ ಉಳಿಯುತ್ತವೆ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಇಂಗ್ಲಿಷ್ ಬಾರದ ಮಗುವಿಗೆ ಇಂಗ್ಲಿಷಿನಲ್ಲಿಯೇ ವಿವರಿಸುವುದು ಕುರುಡನಿಗೆ ಕನ್ನಡಿ ಹಿಡಿದಂತಲ್ಲವೆ? ಆಕ್ಷೇಪದಲ್ಲಿ ತಥ್ಯವಿದೆ. ಏಲಕ್ಕಿಗೆ ಇಂಗ್ಲಿಷಿನಲ್ಲಿ ಏನೆನ್ನುವರು ಎಂದು ತಿಳಿಯಲು ಶುಂಠಿಯ ಜಾತಿಗೆ ಸೇರಿದ ಸಸ್ಯದ ಬೀಜ ಎಂಬ ವಿವರಣೆ ಅನಗತ್ಯ. 'ಏಲಕ್ಕಿ' ಎಂದೊಡನೆ ಮುಗಿಯಿತು. ವಸ್ತು, ಪ್ರಾಣಿ, ಗಿಡಮರ, ರೋಗಗಳ ಹೆಸರುಗಳಿಗೆ ಕನ್ನಡ ಪದವೇ ಸಾಕು. ಕ್ರಿಯೆ, ಗುಣ, ಸಂಬಂಧ, ವ್ಯವಹಾರಗಳನ್ನು ಸೂಚಿಸುವ ಪದಗಳಿಗೆ ಮಾತ್ರ ವಿವರಣೆ ಹಾಗೂ ವಾಕ್ಯ ಅನಿವಾರ್ಯ. ಆರಂಭದ ಕೆಲವು ನೂರು ಪದಗಳನ್ನು ಕನ್ನಡದ ಮೂಲಕವೇ ಭದ್ರವಾಗಿ ಕಲಿಸಬೇಕು. ಆನಂತರ ಸರಳ ಇಂಗ್ಲಿಷ್ ವಿವರಣೆ, ಒಂದೆರಡು ವಾಕ್ಯ, ಕೊನೆಯಲ್ಲಿ ಕನ್ನಡದ ಹತ್ತಿರದ ಪದ – ಈ ಮೂರೂ ಕೂಡಿದ ನಿಘಂಟು ನಮ್ಮ ಮಕ್ಕಳಿಗೆ ಸೂಕ್ತ. ಕನ್ನಡವನ್ನು ಹೊರಗಿಟ್ಟು ಇಂಗ್ಲಿಷ್ ಕಲಿಸುತ್ತೇವೆ ಎಂಬುದು ಕೆಲವು ಖಾಸಗಿ ಶಾಲೆಗಳ ಹೆಮ್ಮೆ. ಕನ್ನಡದ ಒಂದೇ ಪದದಿಂದ ಇಂಗ್ಲಿಷ್ ಕಲಿಸುತ್ತೇವೆ ಎಂಬುದು ಇನ್ನೊಂದು ತುದಿ. ಎರಡೂ ಮಗುವಿನ ಮನಸ್ಸನ್ನು ಅರ್ಧದಷ್ಟೇ ಬಳಸಿಕೊಳ್ಳುತ್ತವೆ.

ಕೈಯಲ್ಲಿ ಮೊಬೈಲ್ ಇರುವಾಗ ಇದೆಲ್ಲ ಏಕೆ ಎಂದು ಇಂದಿನವರು ಕೇಳಬಹುದು. ಯಂತ್ರವು ಕ್ಷಣಾರ್ಧದಲ್ಲಿ ಇಡೀ ಪುಟವನ್ನೇ ಅನುವಾದಿಸುತ್ತದೆ, ನಿಜ. ಆಕ್ಸ್‌ಫರ್ಡ್, ಕೇಂಬ್ರಿಜ್, ಲಾಂಗ್‌ಮನ್ ನಿಘಂಟುಗಳೂ ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಇದು ಸ್ವಾಗತಾರ್ಹ, ಆ ರೈತರ ಮಗನಿಗೆ ಇಂತಹ ಅನುಕೂಲ ಇರಲಿಲ್ಲ. ಆದರೆ ಸಂದರ್ಶನದ ಕುರ್ಚಿಯಲ್ಲಿ, ಆಸ್ಪತ್ರೆಯ ಕೌಂಟರಿನಲ್ಲಿ, ಕಾಲೇಜಿನ ಪಾಠದ ನಡುವೆ ಯಂತ್ರ ನಮ್ಮ ಪರವಾಗಿ ಯೋಚಿಸಿ ಮಾತನಾಡದು. ಜೊತೆಗೆ ಆ ನಿಘಂಟುಗಳ ಉದಾಹರಣೆಗಳು ಹಿಮ, ಪಬ್ಬು, ಲಂಡನ್ನಿನ ರೈಲುಗಳ ಲೋಕಕ್ಕೆ ಸೇರಿದವು. ಸಿಂದಗಿಯ ಅಥವಾ ಸಾಗರದ ಮಗುವಿಗೆ ಪದವೂ ಹೊಸದು, ಪ್ರಪಂಚವೂ ಹೊಸದು. ಒಂದು ಹೊಸದನ್ನು ಕಲಿಸಲು ಇನ್ನೊಂದು ಹಳೆಯದಿರಬೇಕು. ಸಂತೆ, ಕೆರೆ, ಪಡಿತರ ಚೀಟಿ, ಬಸ್ ಪಾಸು, ಪಂಪ್‌ಸೆಟ್ಟು, ಹಾಲಿನ ಡೇರಿ ಇವುಗಳನ್ನೇ ಒಳಗೊಂಡ ವಾಕ್ಯಗಳಿಂದ ಇಂಗ್ಲಿಷ್ ಪದಗಳನ್ನು ಕಲಿಸಲು ಸಾಧ್ಯವಿಲ್ಲವೆ?

ಖಂಡಿತ ಸಾಧ್ಯ. ಅದಕ್ಕೆ ಬೇಕಾದ ಸಂಸ್ಥೆಗಳು ನಮ್ಮಲ್ಲಿಯೇ ಇವೆ. ದಕ್ಷಿಣದ ರಾಜ್ಯಗಳ ಶಿಕ್ಷಕರಿಗೆ ಇಂಗ್ಲಿಷ್ ಬೋಧನೆಯ ತರಬೇತಿ ನೀಡುವ ಪ್ರಾದೇಶಿಕ ಸಂಸ್ಥೆ ಬೆಂಗಳೂರಿನಲ್ಲಿದೆ. 1969ರಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನ ಮೈಸೂರಿನಲ್ಲಿದೆ. ಪಠ್ಯಪುಸ್ತಕ ಮುದ್ರಿಸಿ ಹಂಚುವ ವ್ಯವಸ್ಥೆ ಪ್ರತಿ ಹಳ್ಳಿಗೂ ತಲುಪುತ್ತದೆ. ಎರಡು ಸಾವಿರ ಪದಗಳ ಒಂದು ವಿದ್ಯಾರ್ಥಿ ನಿಘಂಟನ್ನು ಅನುಭವಿ ಶಿಕ್ಷಕರ ತಂಡವೊಂದು ಸಿದ್ಧಪಡಿಸಿ, ಐದನೆಯ ತರಗತಿಗೆ ಕಾಲಿಡುವ ಪ್ರತಿ ಮಗುವಿಗೂ ಉಚಿತವಾಗಿ ಕೊಡಬಹುದು. ಒಂದು ಪ್ರತಿ ಐದಾರು ವರ್ಷ ಬಾಳುತ್ತದೆ. ಸರ್ಕಾರದ ಕಡತಗಳಲ್ಲಿ ಯೋಜನಾ ವೆಚ್ಚಗಳನ್ನು ನೋಡುತ್ತ ಮೂರು ದಶಕ ಕಳೆದ ನನಗೆ, ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ದೀರ್ಘ ಫಲ ನೀಡುವ ಬೇರೊಂದು ಬಾಬ್ತು ಸುಲಭವಾಗಿ ಹೊಳೆಯುವುದಿಲ್ಲ. ಪರೀಕ್ಷೆಯ ಪ್ರಶ್ನೆಯೂ ಬದಲಾಗಬೇಕು. 'ಸ್ವಂತ ವಾಕ್ಯದಲ್ಲಿ ಬಳಸಿ' ಎಂಬ ಪ್ರಶ್ನೆ ಈಗಲೂ ಇದೆ. ಆದರೆ ಆ 'ಸ್ವಂತ' ವಾಕ್ಯವನ್ನು ಮಕ್ಕಳು ಗೈಡುಗಳಿಂದ ಕಂಠಪಾಠ ಮಾಡುತ್ತಾರೆ. ಮಗು ತನ್ನ ಮನೆ, ಬೀದಿ, ಊರನ್ನು ಕುರಿತು ಬರೆದ ವಾಕ್ಯಕ್ಕೆ ಹೆಚ್ಚು ಅಂಕ ಎಂದು ಸಾರಿದರೆ ಗೈಡುಗಳ ಹಂಗು ತಾನಾಗಿ ಕಡಿಮೆಯಾದೀತು.

ಇದೇ ಮಾತು ಕನ್ನಡಕ್ಕೂ ಅನ್ವಯಿಸುತ್ತದೆ. ಕಿಟೆಲ್ 1894ರ ತಮ್ಮ ನಿಘಂಟಿನಲ್ಲಿ ಗಾದೆಗಳನ್ನೂ ಕಾವ್ಯಪ್ರಯೋಗಗಳನ್ನೂ ಹೇರಳವಾಗಿ ನೀಡಿದರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಪದಗಳಿಗೆ ಪ್ರಯೋಗದ ಆಧಾರ ಒದಗಿಸಿತು. 2021ರಲ್ಲಿ ನಿಧನರಾದ ಶತಾಯುಷಿ ಜಿ. ವೆಂಕಟಸುಬ್ಬಯ್ಯನವರು 'ಇಗೋ ಕನ್ನಡ' ಅಂಕಣದಲ್ಲಿ ಒಂದೊಂದು ಪದವನ್ನೂ ಎತ್ತಿಕೊಂಡು ಓದುಗರಿಗೆ ಬಿಡಿಸಿ ಹೇಳಿದರು. ಇವು ಕನ್ನಡ ಬಲ್ಲವರಿಗೆ ಸಂದ ಸಂಪತ್ತು. ಹೊಸದಾಗಿ ಕನ್ನಡ ಕಲಿಯುವವರಿಗೆ – ಉದ್ಯೋಗಕ್ಕಾಗಿ ಬೆಂಗಳೂರಿಗೆ ಬಂದವರಿಗೆ, ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತ ಕನ್ನಡದಲ್ಲಿ ತಡವರಿಸುವ ನಮ್ಮವೇ ಮೊಮ್ಮಕ್ಕಳಿಗೆ – ಸುಲಭ ಕನ್ನಡದ ವಿವರಣೆ, ನಿತ್ಯಜೀವನದ ವಾಕ್ಯಗಳಿರುವ ಪುಟ್ಟ ನಿಘಂಟನ್ನು ಮನೆಮನೆಗೆ ಮುಟ್ಟಿಸುವ ಕೆಲಸ ಬಾಕಿಯಿದೆ. ಕನ್ನಡ ಕಲಿಯಿರಿ ಎಂದು ಆಗ್ರಹಿಸುವಷ್ಟೇ ಉತ್ಸಾಹದಿಂದ ಕಲಿಯುವ ಸಾಧನವನ್ನೂ ನಾವು ಕೈಗಿಡಬೇಕು.

ಇಂಗ್ಲಿಷ್ ನಮ್ಮ ಸಮಾಜದಲ್ಲಿ ಅವಕಾಶದ ಬಾಗಿಲು ಎಂದು ಎಲ್ಲರೂ ಒಪ್ಪುತ್ತಾರೆ. ಮನೆಯಲ್ಲಿ ಇಂಗ್ಲಿಷ್ ಪತ್ರಿಕೆ, ಪುಸ್ತಕ, ಮಾತು ಇರುವ ಮಕ್ಕಳಿಗೆ ಉದಾಹರಣಾ ವಾಕ್ಯಗಳು ಉಣ್ಣುವಾಗ, ಆಡುವಾಗ ಪುಕ್ಕಟೆಯಾಗಿ ದೊರೆಯುತ್ತವೆ. ಅವರಿಗೆ ನಿಘಂಟು ಇಲ್ಲದಿದ್ದರೂ ನಡೆಯುತ್ತದೆ. ಅದು ಇಲ್ಲದ ಮನೆಯ ಮಗುವಿಗೆ ಪಟ್ಟಿಯೊಂದೇ ಗತಿಯಾದರೆ, ಒಂದನೆಯ ತರಗತಿಯಿಂದ ಕಲಿಸಿದರೂ ಅಂತರ ಮುಚ್ಚುವುದಿಲ್ಲ. ಹತ್ತು ವರ್ಷ ಇಂಗ್ಲಿಷ್ ಓದಿದ ಮಗು ಮನೆಗೆ ಬಂದ ಒಂದು ಪುಟದ ಪತ್ರವನ್ನು ತಂದೆತಾಯಿಗೆ ಸರಿಯಾಗಿ ತಿಳಿಸಿ ಹೇಳಬಲ್ಲದೆ? ನಮ್ಮ ಭಾಷಾ ನೀತಿಗಳನ್ನು ಇನ್ನು ಮುಂದೆ ಈ ಒಂದು ಪ್ರಶ್ನೆಯಿಂದ ಅಳೆಯುವುದು ಒಳಿತು.